ಹತ್ತು ದಿನ ಜೋಪಾನ, ಒಂದು ವರ್ಷ ತಾಳ್ಮೆ

(ಕೂದಲು ಕಸಿ ಮಾಡಿಸಿಕೊಂಡವರು ಹಾಗೂ ಅವರ ಮನೆಯವರಿಗಾಗಿ ಚರ್ಮರೋಗ ವಿಭಾಗದ ವೈದ್ಯರು ನೀಡಿದ ಉಪನ್ಯಾಸ)



ಕೂದಲು ಕಸಿ ಎಂದ ಕೂಡಲೇ ಇದು ಸಿನಿಮಾದವರ ಶೋಕಿ, ಉಳ್ಳವರ ಚಪಲ ಎಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಆದರೆ ಈ ಚಿಕಿತ್ಸೆ ಶೋಕಿಯಿಂದ ಹುಟ್ಟಿದ್ದಲ್ಲ. ಜಪಾನಿನ ಚರ್ಮರೋಗ ವೈದ್ಯ ಡಾ. ಶೋಜಿ ಒಕುಡಾ ಅವರು 1939ರಲ್ಲಿ ಇದನ್ನು ವಿವರಿಸಿ ಬರೆದಾಗ, ಗಾಯದ ಕಲೆಯಿಂದ ಕೂದಲು ಕಳೆದುಕೊಂಡ ತಲೆ, ಹುಬ್ಬುಗಳಿಗೆ ಮತ್ತೆ ಕೂದಲು ಬರಿಸುವುದು ಅವರ ಉದ್ದೇಶವಾಗಿತ್ತು. ಒಲೆಯ ಬೆಂಕಿ ತಗುಲಿ ನೆತ್ತಿ ಸುಟ್ಟ ತಾಯಿಗಾಗಲಿ, ಒಕ್ಕುವ ಯಂತ್ರಕ್ಕೆ ಜಡೆ ಸಿಕ್ಕಿ ತಲೆಯ ಚರ್ಮವೇ ಹೋದ ಹೆಣ್ಣುಮಗಳಿಗಾಗಲಿ, ಇಪ್ಪತ್ತೈದಕ್ಕೇ ಮುಂದಲೆ ಬೋಳಾಗಿ ನಾಲ್ಕು ಜನರ ನಡುವೆ ತಲೆ ತಗ್ಗಿಸುವ ಹುಡುಗನಿಗಾಗಲಿ ಕೂದಲು ಸಣ್ಣ ವಿಷಯವಲ್ಲ. ಆದ್ದರಿಂದ ಇಲ್ಲಿ ಯಾರೂ ಸಂಕೋಚಪಡಬೇಕಾಗಿಲ್ಲ.

ಇಂದು ನಾನು ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಆರೆಂಟು ಗಂಟೆಗಳಲ್ಲಿ ಮುಗಿಯುವ ಕೆಲಸ, ಅದರ ಹೊಣೆ ವೈದ್ಯರದು. ಆಮೇಲಿನ ಹತ್ತು ದಿನ ಮತ್ತು ಒಂದು ವರ್ಷದ ಹೊಣೆ ನಿಮ್ಮದು ಮತ್ತು ನಿಮ್ಮ ಮನೆಯವರದು. ನೆಟ್ಟ ಕೂದಲು ಉಳಿಯುವುದು ಬಹುಪಾಲು ನಿಮ್ಮ ಕೈಯಲ್ಲಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಕೇಳಿ.

ನೆಟ್ಟ ಕೂದಲು ಬೇರು ಹಿಡಿಯುವ ಬಗೆ

ಗಂಡಸರ ಬೋಳುತನದಲ್ಲಿ ಮುಂದಲೆ ಮತ್ತು ನೆತ್ತಿಯ ಕೂದಲು ಉದುರಿದರೂ ತಲೆಯ ಹಿಂಭಾಗದ ಮತ್ತು ಕಿವಿಯ ಮೇಲಿನ ಕೂದಲು ಸಾಮಾನ್ಯವಾಗಿ ಉಳಿಯುತ್ತದೆ. ಆ ಕೂದಲಿನ ಬುಡವನ್ನು ತೆಗೆದು ಬೋಳು ಜಾಗದಲ್ಲಿ ನೆಟ್ಟರೂ ಅದು ತನ್ನ ಮೂಲ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ಡಾ. ನಾರ್ಮನ್ ಓರೆಂಟ್ರೈಕ್ ಅವರು 1959ರಲ್ಲಿ ಪ್ರಕಟಿಸಿದರು. ಇಂದಿನ ಕೂದಲು ಕಸಿಯೆಲ್ಲ ನಿಂತಿರುವುದು ಈ ತತ್ವದ ಮೇಲೆ.

ಹೀಗೆ ತೆಗೆದ ಒಂದೊಂದು ಸಣ್ಣ ತುಣುಕಿಗೆ ಗ್ರಾಫ್ಟ್ ಎನ್ನುತ್ತೇವೆ. ಅದರಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತವೆ. ಅದನ್ನು ಸೂಜಿಯ ಮೊನೆಯಷ್ಟು ಸೀಳಿನಲ್ಲಿ ಕೂರಿಸುತ್ತಾರೆ. ಅದಕ್ಕೆ ದಾರದ ಹೊಲಿಗೆ ಇಲ್ಲ, ಅಂಟು ಇಲ್ಲ. ಸೀಳಿನಲ್ಲಿ ಹೆಪ್ಪುಗಟ್ಟಿದ ರಕ್ತದ ನವಿರಾದ ಎಳೆಗಳೇ ಅದನ್ನು ಹಿಡಿದಿಟ್ಟಿರುತ್ತವೆ. ಮೊದಲ ಎರಡು ಮೂರು ದಿನ ಅದಕ್ಕೆ ಸ್ವಂತ ರಕ್ತನಾಳವೂ ಇರುವುದಿಲ್ಲ. ಸುತ್ತಲಿನ ದ್ರವವನ್ನು ಹೀರಿಕೊಂಡು ಜೀವ ಹಿಡಿದಿರುತ್ತದೆ. ಆಮೇಲೆ ನಿಧಾನವಾಗಿ ಸಣ್ಣ ರಕ್ತನಾಳಗಳು ಕೂಡಿಕೊಳ್ಳುತ್ತವೆ.

ಅಮೆರಿಕದ ವೈದ್ಯರಾದ ರಾಬರ್ಟ್ ಬರ್ನ್‌ಸ್ಟೀನ್ ಮತ್ತು ವಿಲಿಯಂ ರಾಸ್ಮನ್ ಅವರು 2006ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಮೊದಲ ಎರಡು ದಿನ ನೆಟ್ಟ ಕೂದಲನ್ನು ಎಳೆದರೆ ಗ್ರಾಫ್ಟೇ ಕಿತ್ತು ಬರುತ್ತಿತ್ತು. ಅಂಟಿಕೊಂಡ ಹಕ್ಕಳೆಯನ್ನು ಎಳೆದರೆ ಐದನೇ ದಿನದವರೆಗೂ ಗ್ರಾಫ್ಟ್ ಹೋಗುತ್ತಿತ್ತು. ಒಂಬತ್ತನೇ ದಿನದ ಹೊತ್ತಿಗೆ ಕೂದಲು ಎಳೆದರೂ, ಹಕ್ಕಳೆ ಎಳೆದರೂ ಗ್ರಾಫ್ಟ್ ಅಲುಗಲಿಲ್ಲ. ನಾವು ಹತ್ತು ದಿನ ಎಂದು ಒತ್ತಿ ಹೇಳುವುದು ಈ ಕಾರಣಕ್ಕೆ. ಕಿತ್ತುಹೋದ ಗ್ರಾಫ್ಟ್ ಮತ್ತೆ ಹುಟ್ಟುವುದಿಲ್ಲ. ಹಿಂದಲೆಯ ಕೂದಲು ಒಂದು ಮಿತಿಯ ಬಂಡವಾಳ. ಒಮ್ಮೆ ಕಳೆದರೆ ಕಳೆದ ಹಾಗೆಯೇ.

ಮೊದಲ ಹತ್ತು ದಿನ

ಊರಿಗೆ ಹೋಗುವಾಗಲೇ ಎಚ್ಚರಿಕೆ ಶುರುವಾಗಲಿ. ಬಸ್ಸಿನಲ್ಲಿ ತೂಕಡಿಸಿ ಕಿಟಕಿಯ ಸರಳಿಗೋ ಮುಂದಿನ ಸೀಟಿನ ಕಂಬಿಗೋ ತಲೆ ತಾಗಿಸಬೇಡಿ. ಕಾರು, ಆಟೋ ಹತ್ತುವಾಗ ಬಗ್ಗಿ ನೋಡಿ ಹತ್ತಿ. ಹಳೆಯ ಮನೆಗಳ ಬಾಗಿಲು ತಗ್ಗಾಗಿರುತ್ತದೆ; ಅಭ್ಯಾಸಬಲದಿಂದ ಒಳಗೆ ನುಗ್ಗಿದರೆ ಮೇಲಿನ ಚೌಕಟ್ಟು ಮುಂದಲೆಗೇ ಬಡಿಯುತ್ತದೆ. ಹೀಗೆ ಒಂದು ಪೆಟ್ಟು ಬಿದ್ದರೆ ಆ ಜಾಗದ ಹತ್ತಾರು ಗ್ರಾಫ್ಟುಗಳು ಒಟ್ಟಿಗೆ ಹೋಗಬಹುದು. ಪೆಟ್ಟು ಬಿದ್ದು ರಕ್ತ ಬಂದರೆ ಸ್ವಚ್ಛ ಗಾಜ್ ಬಟ್ಟೆಯಿಂದ ಹತ್ತು ನಿಮಿಷ ಮೆಲ್ಲಗೆ ಒತ್ತಿ ಹಿಡಿದು ಆಸ್ಪತ್ರೆಗೆ ಫೋನ್ ಮಾಡಿ. ಹೊರಬಂದ ಗ್ರಾಫ್ಟನ್ನು ನೀವೇ ಒಳಗೆ ತುರುಕಬೇಡಿ.

ಮೊದಲ ಐದು ರಾತ್ರಿ ತಲೆ ಎತ್ತರದಲ್ಲಿರಲಿ. ಎರಡು ಮೂರು ದಿಂಬು ಇಟ್ಟುಕೊಂಡು ಅಂಗಾತ ಮಲಗಿ. ಹೊಸದಾಗಿ ನೆಟ್ಟ ಜಾಗ ದಿಂಬಿಗೆ ಉಜ್ಜಬಾರದು. ದಿಂಬಿನ ಮೇಲೆ ಒಗೆದ ಸ್ವಚ್ಛ ಬಟ್ಟೆ ಹಾಸಿ ದಿನವೂ ಬದಲಿಸಿ. ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ. ನಿದ್ದೆಯಲ್ಲಿ ಅವರ ಕೈ ಎಲ್ಲಿಗೆ ಬೀಳುವುದೋ ಹೇಳಲಾಗದು.

ಎರಡನೇ ದಿನದಿಂದ ಐದನೇ ದಿನದ ನಡುವೆ ಹಣೆ ಊದಿ, ಬಾವು ಕಣ್ಣಿನ ರೆಪ್ಪೆಗೂ ಇಳಿಯಬಹುದು. ಬೆಳಿಗ್ಗೆ ಎದ್ದು ಕನ್ನಡಿ ನೋಡಿ ಹೆದರುವವರು ಬಹಳ. ತಲೆಗೆ ಚುಚ್ಚಿದ ಔಷಧದ ದ್ರವ ಕೆಳಗೆ ಇಳಿಯುವುದರಿಂದ ಹೀಗಾಗುತ್ತದೆ. ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹುಬ್ಬಿನ ಮೇಲೆ, ಹಣೆಯ ಕೆಳಭಾಗದಲ್ಲಿ ಮಾತ್ರ ಇಡಿ. ನೆಟ್ಟ ಜಾಗದ ಮೇಲೆ ಇಡಕೂಡದು. ಬಾವು ಇಳಿಯಲೆಂದು ಕೊಟ್ಟ ಮಾತ್ರೆಯನ್ನು ಹೇಳಿದಷ್ಟೇ ದಿನ ತೆಗೆದುಕೊಳ್ಳಿ. ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತರಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಇಂತಹ ಕೆಲವು ಮಾತ್ರೆಗಳು ಸಕ್ಕರೆಯನ್ನು ಏರಿಸುತ್ತವೆ.

ಒಂದು ವಾರ ತಲೆಯನ್ನು ಎದೆಗಿಂತ ಕೆಳಗೆ ತರುವ ಕೆಲಸ ಬೇಡ. ನೆಲ ಒರೆಸುವುದು, ಕೊಡ ಎತ್ತುವುದು, ಮೂಟೆ ಹೊರುವುದು ನಿಲ್ಲಲಿ. ಸಾಷ್ಟಾಂಗ ನಮಸ್ಕಾರ ಮಾಡುವವರು ನಿಂತೇ ಕೈಮುಗಿಯಿರಿ. ಹಿರಿಯರು ತಲೆ ಮೇಲೆ ಕೈಯಿಟ್ಟು ಹರಸುವುದು ನಮ್ಮ ರೂಢಿ. ಈ ಹತ್ತು ದಿನ ಅವರು ದೂರದಿಂದಲೇ ಹರಸಲಿ ಎಂದು ಮನೆಯವರು ಮೊದಲೇ ತಿಳಿಸಬೇಕು. ವಿಭೂತಿ, ಕುಂಕುಮ ಧರಿಸುವವರು ಹುಬ್ಬಿನ ಹತ್ತಿರ ಸಣ್ಣದಾಗಿ ಧರಿಸಿ, ನೆಟ್ಟ ಗೆರೆಯಿಂದ ಎರಡು ಬೆರಳಾದರೂ ಕೆಳಗಿರಲಿ. ಒಣ ಪುಡಿ ಹಸಿ ಗಾಯಕ್ಕೆ ಬೀಳಬಾರದು ಎಂಬುದಷ್ಟೇ ಇದರ ಉದ್ದೇಶ.

ತಲೆಯ ಮೇಲಿಂದ ಎಳೆದು ಹಾಕುವ ಬನಿಯನ್, ಟೀ ಶರ್ಟ್ ಬದಲು ಗುಂಡಿಯ ಅಂಗಿ ತೊಡಿ. ಬಿಗಿಯಾದ ಟೋಪಿ, ಪಟಗ, ರುಮಾಲು ಸುತ್ತಬೇಡಿ. ಹೊರಗೆ ಹೋಗಲೇಬೇಕಾದರೆ ಆಸ್ಪತ್ರೆಯಲ್ಲಿ ಕೊಟ್ಟ ಸಡಿಲ ಟೋಪಿ ಸಾಕು. ತಾಯಂದಿರು ಸೆರಗು ಹೊದೆಯುವಾಗ ಅದು ನೆಟ್ಟ ಜಾಗಕ್ಕೆ ಉಜ್ಜದಂತೆ ನೋಡಿಕೊಳ್ಳಿ. ಹೆಲ್ಮೆಟ್ ಎರಡು ವಾರ ಹಾಕುವಂತಿಲ್ಲ. ಹಾಗೆಂದು ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿ ಎಂದು ಅರ್ಥವಲ್ಲ. ಎರಡು ವಾರ ಗಾಡಿಯನ್ನೇ ಮುಟ್ಟಬೇಡಿ, ಬಸ್ಸಿನಲ್ಲಿ ಓಡಾಡಿ.

ರೈತಾಪಿ ಜನರಿಗೆ ಇನ್ನೊಂದು ಮಾತು. ಈ ಹತ್ತು ದಿನ ಕೊಟ್ಟಿಗೆ ಕೆಲಸ, ರಾಶಿ ಮಾಡುವ ಕೆಲಸ ಬೇರೆಯವರು ನೋಡಿಕೊಳ್ಳಲಿ. ಸಗಣಿ, ಧೂಳು, ಹೊಟ್ಟು ಗಾಯಕ್ಕೆ ಒಳ್ಳೆಯದಲ್ಲ. ಹಾಲು ಹಿಂಡುವಾಗ ಎಮ್ಮೆ ಬೀಸುವ ಬಾಲದ ಪೆಟ್ಟೂ ಸಣ್ಣದಲ್ಲ.

ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಯಾವುದೂ ಬೇಡ. ತಂಬಾಕಿನಲ್ಲಿರುವ ನಿಕೋಟಿನ್ ರಕ್ತನಾಳವನ್ನು ಕಿರಿದು ಮಾಡುತ್ತದೆ. ಹೊಸ ಬೇರಿಗೆ ರಕ್ತ ಬೇಕಾದ ಹೊತ್ತಿನಲ್ಲೇ ಅದನ್ನು ತಡೆದಂತಾಗುತ್ತದೆ. ಮದ್ಯ ರಕ್ತಸ್ರಾವವನ್ನು ಹೆಚ್ಚಿಸಬಹುದು, ಔಷಧಗಳೊಂದಿಗೂ ಹೊಂದುವುದಿಲ್ಲ. ನೋವಿಗೆ ನಾವು ಬರೆದುಕೊಟ್ಟ ಮಾತ್ರೆಯನ್ನೇ ನುಂಗಿ. ಆಸ್ಪಿರಿನ್ ಇರುವ ಮಾತ್ರೆಯನ್ನು ನೀವಾಗಿ ತೆಗೆದುಕೊಳ್ಳಬೇಡಿ. ಹೃದಯದ ತೊಂದರೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಮಾತ್ರ ಹೃದ್ರೋಗ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು.

ತಲೆ ತೊಳೆಯುವ ಕ್ರಮ

ನೀರು ತಾಗಿದರೆ ಕೂದಲು ಹೋಗುತ್ತದೆಂದು ಹತ್ತು ದಿನ ತಲೆಗೆ ನೀರೇ ಹಾಕದವರಿದ್ದಾರೆ. ಇದು ತಪ್ಪು. ಹಕ್ಕಳೆ ದಪ್ಪಗಾಗಿ, ಕೆಳಗೆ ಕೀವಾಗಲು ಅದೇ ಕಾರಣವಾಗುತ್ತದೆ. ಮೊದಲ ದಿನಗಳಲ್ಲಿ ಆಸ್ಪತ್ರೆಯಿಂದ ಕೊಟ್ಟ ಸಲೈನ್ ನೀರನ್ನು ಎಚ್ಚರವಿರುವಾಗ ಒಂದೆರಡು ಗಂಟೆಗೊಮ್ಮೆ ದೂರದಿಂದ ತುಂತುರಾಗಿ ಸಿಂಪಡಿಸಿ.

ಮೊದಲ ತೊಳೆತ ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ದಿನ. ಅದನ್ನು ಇಲ್ಲಿಯೇ ದಾದಿಯರು ಮಾಡಿ ತೋರಿಸುತ್ತಾರೆ. ಜೊತೆಗಿರುವವರು ನೋಡಿ ಕಲಿಯಿರಿ. ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿರಲಿ. ಒಂದು ಮಗ್ ನೀರಿಗೆ ಸೌಮ್ಯವಾದ ಬೇಬಿ ಶಾಂಪೂ ಸ್ವಲ್ಪ ಕದಡಿ ಮೆಲ್ಲಗೆ ಸುರಿಯಿರಿ. ಎರಡು ಮೂರು ನಿಮಿಷ ಬಿಟ್ಟು ಬರೀ ನೀರು ಸುರಿಯಿರಿ. ಷವರಿನ ಕೆಳಗೆ, ನಲ್ಲಿಯ ಕೆಳಗೆ ತಲೆ ಕೊಡಬೇಡಿ. ಉಜ್ಜಬೇಡಿ. ನೆಟ್ಟ ಜಾಗವನ್ನು ಗಾಳಿಗೆ ಆರಲು ಬಿಡಿ. ಉಳಿದ ಕಡೆ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಏಳೆಂಟನೇ ದಿನದ ಹೊತ್ತಿಗೆ ಹಕ್ಕಳೆ ಮೆತ್ತಗಾಗತೊಡಗುತ್ತದೆ. ವೈದ್ಯರು ನೋಡಿ ಒಪ್ಪಿದ ಮೇಲೆ ಬೆರಳ ತುದಿಯಿಂದ, ಉಗುರು ತಾಗದಂತೆ, ನಿಧಾನವಾಗಿ ಆಡಿಸಬಹುದು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹಕ್ಕಳೆಯೆಲ್ಲ ತಾನಾಗಿ ಕಳಚಬೇಕು. ತುರಿಕೆ ಬಂದರೆ ಕೆರೆಯಬೇಡಿ, ಸಲೈನ್ ಸಿಂಪಡಿಸಿ. ತಡೆಯದಿದ್ದರೆ ಮಾತ್ರೆ ಕೊಡುತ್ತೇವೆ. ಮಲಗುವ ಮುನ್ನ ಉಗುರು ಕತ್ತರಿಸಿಕೊಳ್ಳಿ.

ಅರಿಸಿನ, ಲೋಳೆಸರ, ಈರುಳ್ಳಿ ರಸ, ಕೊಬ್ಬರಿ ಎಣ್ಣೆ, ಹರಳೆಣ್ಣೆ, ಯಾರೋ ಹೇಳಿದ ಸೊಪ್ಪಿನ ರಸ ಇವು ಯಾವುವೂ ಹಸಿ ಗಾಯಕ್ಕೆ ಬೇಡ. ತಲೆ ತಂಪಾಗಲಿ ಎಂದು ಅಜ್ಜಿ ಪ್ರೀತಿಯಿಂದ ಎಣ್ಣೆ ಹಚ್ಚಲು ಬಂದರೆ, ಒಂದು ತಿಂಗಳು ತಾಳಜ್ಜಿ ಎಂದು ಹೇಳಿ. ಆಮೇಲೆ ವೈದ್ಯರನ್ನು ಕೇಳಿ ಹಚ್ಚಿಸಿಕೊಳ್ಳಿ.

ಕೂದಲು ತೆಗೆದ ಜಾಗ

ನೆಟ್ಟ ಜಾಗದ ಚಿಂತೆಯಲ್ಲಿ ಹಿಂದಲೆಯನ್ನು ಮರೆಯುವವರೇ ಹೆಚ್ಚು. ಒಂದೊಂದೇ ಬುಡ ತೆಗೆಯುವ ಎಫ್‌ಯುಇ ವಿಧಾನದಲ್ಲಿ ಸಣ್ಣ ಚುಕ್ಕೆಯಂತಹ ಗಾಯಗಳಿರುತ್ತವೆ; ಒಂದು ವಾರ ಹತ್ತು ದಿನದಲ್ಲಿ ಮಾಯುತ್ತವೆ. ಚರ್ಮದ ಪಟ್ಟಿ ತೆಗೆಯುವ ಎಫ್‌ಯುಟಿ ವಿಧಾನದಲ್ಲಿ ಹೊಲಿಗೆ ಇರುತ್ತದೆ. ಅದನ್ನು ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತೇವೆ. ಹೊಲಿಗೆ ಇದ್ದವರು ಒಂದು ತಿಂಗಳು ಕತ್ತು ಜೋರಾಗಿ ಬಗ್ಗಿಸುವ, ಭಾರ ಎತ್ತುವ ಕೆಲಸ ಮಾಡಬಾರದು. ಇಲ್ಲವಾದರೆ ಕಲೆ ಅಗಲವಾಗುತ್ತದೆ. ಹಿಂದಲೆ ಮತ್ತು ನೆತ್ತಿಯಲ್ಲಿ ಮುಟ್ಟಿದರೆ ತಿಳಿಯದಂತಹ ಜೋಮು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಇರುತ್ತದೆ. ಆ ಸಮಯದಲ್ಲಿ ಬಿಸಿನೀರು, ಹೇರ್ ಡ್ರೈಯರ್ ಬಗ್ಗೆ ಜಾಗ್ರತೆ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಮೂರನೇ ವಾರದ ಭಯ

ಈಗ ಬಹಳ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಎರಡು ಮೂರು ವಾರ ಕಳೆಯುತ್ತಿದ್ದಂತೆ ನೆಟ್ಟ ಕೂದಲು ಉದುರತೊಡಗುತ್ತದೆ. ಎರಡು ತಿಂಗಳ ಹೊತ್ತಿಗೆ ಬಹುಪಾಲು ಉದುರಿ ತಲೆ ಮೊದಲಿನಂತೆಯೇ, ಕೆಲವೊಮ್ಮೆ ಮೊದಲಿಗಿಂತ ತೆಳ್ಳಗೆ ಕಾಣುತ್ತದೆ. ಏಕೆಂದರೆ ಅಕ್ಕಪಕ್ಕದ ಹಳೆಯ ಕೂದಲೂ ಆಘಾತದಿಂದ ಕೆಲಕಾಲ ಉದುರುವುದುಂಟು. ಹಣ ಹೋಯಿತು, ಕೂದಲೂ ಹೋಯಿತು ಎಂದು ಕಂಗಾಲಾಗುವುದು ಈ ಹೊತ್ತಿನಲ್ಲೇ. ಊಟ ಬಿಟ್ಟವರು, ಮನೆಯಿಂದ ಹೊರಗೆ ಬಾರದವರು, ಸಿಕ್ಕ ಸಿಕ್ಕ ಎಣ್ಣೆ ಹಚ್ಚಿ ಗಾಯ ಮಾಡಿಕೊಂಡವರು ಇದ್ದಾರೆ.

ಮೆಣಸಿನ ಸಸಿಯನ್ನು ಮಡಿಯಿಂದ ಕಿತ್ತು ಹೊಲದಲ್ಲಿ ನೆಟ್ಟಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ನಾಲ್ಕು ದಿನದಲ್ಲಿ ಎಲೆ ಬಾಡಿ ಉದುರುತ್ತದೆ. ರೈತ ಸಸಿಯನ್ನು ಕಿತ್ತು ನೋಡುವುದಿಲ್ಲ, ಬೇರು ಹಿಡಿಯಲು ಬಿಡುತ್ತಾನೆ. ಇಲ್ಲಿಯೂ ಅಷ್ಟೇ. ಉದುರುವುದು ಚರ್ಮದ ಮೇಲಿನ ಎಳೆ. ಬುಡ ಒಳಗೆ ವಿಶ್ರಾಂತಿಯಲ್ಲಿರುತ್ತದೆ. ಉದುರಿದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗಂಟು ಕಂಡರೆ ಬೇರೇ ಬಂತೆಂದು ತಿಳಿಯಬೇಡಿ. ರಕ್ತ ಬರದೆ, ನೋವಿಲ್ಲದೆ ಉದುರಿದ ಕೂದಲಿಗೆ ಹೆದರಬೇಕಾಗಿಲ್ಲ.

ಮೂರು ನಾಲ್ಕು ತಿಂಗಳಿಗೆ ನವಿರಾದ ಹೊಸ ಕೂದಲು ಮೊಳೆಯುತ್ತದೆ. ಆಗ ಅಲ್ಲಲ್ಲಿ ಮೊಡವೆಯಂತಹ ಗುಳ್ಳೆ ಬರಬಹುದು. ಹಿಂಡಬೇಡಿ; ಬೆಚ್ಚಗಿನ ಒದ್ದೆ ಬಟ್ಟೆ ಇಡಿ, ಹೆಚ್ಚಾದರೆ ತೋರಿಸಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಆರು ತಿಂಗಳಿಗೆ ಅರ್ಧದಷ್ಟು ಫಲ ಕಾಣುತ್ತದೆ. ಪೂರ್ತಿ ಫಲಕ್ಕೆ ಒಂದು ವರ್ಷ, ನೆತ್ತಿಯ ಸುಳಿಯ ಭಾಗಕ್ಕೆ ಒಂದೂವರೆ ವರ್ಷವೂ ಬೇಕಾಗಬಹುದು.

ಇದರಿಂದ ಒಂದು ಲೆಕ್ಕ ಸ್ಪಷ್ಟ. ಮದುವೆ ಗೊತ್ತಾಗಿದೆ, ಎರಡು ತಿಂಗಳಿದೆ, ಅಷ್ಟರೊಳಗೆ ಮಾಡಿಕೊಡಿ ಎಂದು ಕೇಳುವವರಿಗೆ ನಾವು ಬೇಡವೆನ್ನುತ್ತೇವೆ. ತಾಳಿ ಕಟ್ಟುವ ದಿನವೇ ತಲೆ ತೀರ ಬೋಳಾಗಿ ಕಾಣುವ ಸಮಯ ಅದು. ವರ್ಷ ಮೊದಲೇ ಮಾಡಿಸಿ, ಇಲ್ಲವೇ ಮದುವೆಯ ನಂತರ ಮಾಡಿಸಿ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಇದನ್ನು ಮುಚ್ಚಿಡದೆ ಮಾತನಾಡಿಕೊಂಡರೆ ಹುಡುಗನ ಅರ್ಧ ಸಂಕಟ ಅಲ್ಲಿಯೇ ಕಳೆಯುತ್ತದೆ.

ಮುಂದಿನ ತಿಂಗಳುಗಳು

ಕತ್ತರಿಯಿಂದ ಕ್ಷೌರ ಒಂದು ತಿಂಗಳ ಮೇಲೆ. ನೆಟ್ಟ ಜಾಗಕ್ಕೆ ಸದ್ಯ ಕ್ಷೌರಕತ್ತಿ ತಾಗಿಸಬೇಡಿ. ಮುಡಿ ಕೊಡುವ ಹರಕೆ ಇದ್ದರೆ ವೈದ್ಯರೊಂದಿಗೆ ಮಾತನಾಡಿ ಮುಂದಕ್ಕೆ ಹಾಕಿ. ಕೂದಲಿಗೆ ಬಣ್ಣ ಹಚ್ಚುವುದು ಆರು ವಾರದ ಮೇಲೆ. ಕೆರೆ, ಕಾಲುವೆ, ಈಜುಕೊಳದಲ್ಲಿ ತಲೆ ಮುಳುಗಿಸುವುದು ಒಂದು ತಿಂಗಳು ಬೇಡ. ಮೂರು ತಿಂಗಳು ಬಿಸಿಲಿನಲ್ಲಿ ಸಡಿಲ ಟೋಪಿ ಅಥವಾ ಕೊಡೆ ಇರಲಿ.

ನೆಟ್ಟ ಕೂದಲು ಉಳಿದರೂ ಅದರ ಸುತ್ತಲಿನ ಹಳೆಯ ಕೂದಲು ಉದುರುವುದು ಮುಂದುವರಿಯಬಹುದು. ಆಗ ನಡುವೆ ಒಂದು ದ್ವೀಪದಂತೆ ನೆಟ್ಟ ಕೂದಲು ಮಾತ್ರ ಉಳಿದೀತು. ಆದ್ದರಿಂದ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಮುಂತಾದ ಔಷಧಗಳನ್ನು ಬರೆದುಕೊಡುತ್ತೇವೆ. ಯಾವಾಗ ಶುರು ಮಾಡಬೇಕು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಫಿನಾಸ್ಟರೈಡಿನಿಂದ ಕೆಲವು ಗಂಡಸರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಕುಗ್ಗುವುದು ಉಂಟು. ನಾಚಿಕೆ ಬಿಟ್ಟು ಹೇಳಿ. ಬಸುರಿಯರು, ಬಸುರಿಯಾಗುವ ಸಾಧ್ಯತೆಯಿರುವ ಹೆಣ್ಣುಮಕ್ಕಳು ಒಡೆದ ಅಥವಾ ಪುಡಿಯಾದ ಆ ಮಾತ್ರೆಯನ್ನು ಕೈಯಲ್ಲೂ ಮುಟ್ಟಬಾರದು.

ಸುಟ್ಟ ಕಲೆಯ ಮೇಲೆ ಕಸಿ ಮಾಡಿಸಿಕೊಂಡವರಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಕಲೆಯಾದ ಚರ್ಮದಲ್ಲಿ ರಕ್ತ ಸಂಚಾರ ಕಡಿಮೆ. ಎಲ್ಲ ಬುಡಗಳೂ ಹಿಡಿಯುವುದಿಲ್ಲ, ಎರಡನೇ ಸಲ ನೆಡಬೇಕಾಗಬಹುದು. ಮೊದಲೇ ಇದು ತಿಳಿದಿದ್ದರೆ ನಿರಾಸೆ ಕಡಿಮೆ.

ಕೂಡಲೇ ಬರಬೇಕಾದ ಲಕ್ಷಣಗಳು

1. 100.4 ಡಿಗ್ರಿಗಿಂತ (ಫ್ಯಾರನ್‌ಹೀಟ್) ಹೆಚ್ಚು ಜ್ವರ, ಚಳಿ.
2. ಮೂರು ದಿನದ ನಂತರವೂ ಏರುತ್ತಲೇ ಇರುವ ನೋವು, ಹರಡುವ ಕೆಂಪು.
3. ಕೀವು, ಕೆಟ್ಟ ವಾಸನೆ.
4. ನೆಟ್ಟ ಜಾಗದ ಅಥವಾ ಹಿಂದಲೆಯ ಚರ್ಮ ಕಪ್ಪಾಗುವುದು.
5. ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ.
6. ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಸಿರಾಟದ ತೊಂದರೆ, ಎದೆನೋವು.

ಮೊದಲ ಐದಕ್ಕೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಆರನೆಯದಕ್ಕೆ ನಮಗಾಗಿ ಕಾಯದೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಕೂದಲು ಕಸಿಯಿಂದ ಪ್ರಾಣಕ್ಕೆ ಅಪಾಯವೇ ಎಂದು ಕೇಳುತ್ತೀರಿ. ಸರಿಯಾದ ಕಡೆ ಮಾಡಿಸಿದರೆ ಅಪಾಯ ಬಹಳ ವಿರಳ. ಆದರೆ 2016ರಲ್ಲಿ ಚೆನ್ನೈನ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕೂದಲು ಕಸಿಯ ಬೆನ್ನಲ್ಲೇ ತೀರಿಕೊಂಡದ್ದು ದೇಶಕ್ಕೆಲ್ಲ ಗೊತ್ತಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ಈ ಶಸ್ತ್ರಚಿಕಿತ್ಸೆಯನ್ನು ತಕ್ಕ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದು ಸ್ಪಷ್ಟಪಡಿಸಿತು. ನಿಮ್ಮ ಬಂಧುಗಳು ಯಾರಾದರೂ ಕಡಿಮೆ ದುಡ್ಡಿನ ಜಾಹೀರಾತು ನೋಡಿ ಸಲೂನಿಗೆ ಹೊರಟರೆ ಮೊದಲು ಇದನ್ನು ಹೇಳಿ. ಮಾಡುವವರು ಯಾರು, ಅವರ ಓದೇನು, ಉಸಿರಾಟದ ತೊಂದರೆಯಾದರೆ ಅಲ್ಲಿ ಆಮ್ಲಜನಕ ಇದೆಯೇ ಎಂದು ಕೇಳಿ ತಿಳಿಯಲಿ.

ಮನೆಯವರಿಗೆ ಕೊನೆಯ ಮಾತು. ಈ ಒಂದು ವರ್ಷದಲ್ಲಿ ದಿನವೂ ತಲೆ ನೋಡಿ, ಎಲ್ಲಿ ಬಂತು ಕೂದಲು ಎಂದು ಕೇಳಬೇಡಿ. ಅವರು ನಿಮಗಿಂತ ಹೆಚ್ಚು ಸಲ ಕನ್ನಡಿ ನೋಡಿರುತ್ತಾರೆ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ದಿನದಿನಕ್ಕೆ ಕಾಣದ ಬೆಳವಣಿಗೆ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಹತ್ತನೇ ದಿನ, ಮೊದಲ ತಿಂಗಳು, ನಾಲ್ಕನೇ ತಿಂಗಳು ಮತ್ತು ವರ್ಷದ ಕೊನೆಗೆ ತಪ್ಪದೆ ಬಂದು ತೋರಿಸಿ. ಸಂದೇಹ ಬಂದರೆ ಪಕ್ಕದ ಮನೆಯವರನ್ನು ಕೇಳುವ ಮೊದಲು ನಮ್ಮನ್ನು ಕೇಳಿ. ಈ ಪುಸ್ತಿಕೆಯನ್ನು ಹತ್ತು ದಿನ ದಿಂಬಿನ ಹತ್ತಿರವೇ ಇಟ್ಟುಕೊಳ್ಳಿ.